ಬೊಂಗ್ಸನ್ ಹುಟ್ಟಿದ ದಿನ

ರಷ್ಯದ ಸಖಾಲಿನ್ ದ್ವೀಪದಲ್ಲಿ, ಖೋಲ್ಮ್ಸ್ಕ್ ಊರಿನ ಮಾರುಕಟ್ಟೆಯಲ್ಲಿ ಬಾಗಿಲಿನಿಂದ ಮೂರನೆಯ ಮೇಜು ಬೊಂಗ್ಸನ್‌ಳದು. ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಬಂದು ಕೂತವಳು. ಹುಳಿ ಬರಿಸಿದ ಎಲೆಕೋಸಿನ ಕಿಮ್ಚಿ, ಮೆಣಸಿನ ಪುಡಿ ಹಾಕಿ ಕಲಸಿದ ಕ್ಯಾರೆಟ್, ಎಳ್ಳೆಣ್ಣೆಯಲ್ಲಿ ಬಾಡಿಸಿದ ಜರೀಗಿಡದ ಚಿಗುರು, ಕಡಲಪಾಚಿ ಎಲ್ಲವೂ ಅವಳ ಮುಂದೆ ಅಗಲವಾದ ಬೇಸಿನ್ನುಗಳಲ್ಲಿ ರಾಶಿಯಾಗಿ ನಿಂತಿರುತ್ತಿದ್ದವು. ರಷ್ಯನ್ನರು ಅವಳನ್ನು ರಾಯಾ ಎಂದು ಕರೆಯುತ್ತಿದ್ದರು, ಕೊರಿಯನ್ನರು ಬೊಂಗ್ಸನ್ ಎನ್ನುತ್ತಿದ್ದರು. ಎರಡಕ್ಕೂ ಅವಳು ತಿರುಗಿ ನೋಡುತ್ತಿದ್ದಳು. ಅರವತ್ತು ದಾಟಿದರೂ ತಾನು ಯಾರೆಂದು ಅವಳಿಗೆ ಅನುಮಾನ ಬಂದಿರಲಿಲ್ಲ. ಬಂದದ್ದು 2007ರ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಹಾ ಮೇಷ್ಟ್ರು ಕಂಕುಳಲ್ಲಿ ಫೈಲು ಇಟ್ಟುಕೊಂಡು ಮೇಜಿನ ಮುಂದೆ ಬಂದು ನಿಂತಾಗ.

ಹಾ ಮೇಷ್ಟ್ರು ಹಿಂದೆ ಕೊರಿಯನ್ ಶಾಲೆಯಲ್ಲಿ ಅವಳಿಗೆ ಲೆಕ್ಕ ಕಲಿಸಿದವರು. ಸರ್ಕಾರ ಆ ಶಾಲೆ ಮುಚ್ಚಿದ ಮೇಲೆ ಬಂದರಿನಲ್ಲಿ ಗುಮಾಸ್ತರಾಗಿ, ನಿವೃತ್ತರಾಗಿ, ಈಗ ಊರಿನ ಕೊರಿಯನ್ನರ ಸಂಘದ ಕಾರ್ಯದರ್ಶಿ.

"ಬೊಂಗ್ಸನಮ್ಮಾ, ನಿನ್ನ ಅರ್ಜಿ ವಾಪಸ್ ಬಂತಲ್ಲ," ಎಂದರು.

"ಯಾಕೆ ಮೇಷ್ಟ್ರೇ? ಫೋಟೋ ಸರಿ ಇರ್ಲಿಲ್ವಾ?"

"ಫೋಟೋ ಚೆನ್ನಾಗೇ ಇದೆ. ತಾರೀಕು ಕೆಟ್ಟಿದೆ. ಜಪಾನ್ ಸೋತ ದಿನ, 1945 ಆಗಸ್ಟ್ ಹದಿನೈದಕ್ಕೆ ಮುಂಚೆ ಹುಟ್ಟಿದವರಿಗೆ ಮಾತ್ರ ವಾಪಸ್ ಕರೆಸಿ ಕೊರಿಯಾದಲ್ಲಿ ಮನೆ ಕೊಡೋದು. ನಿನ್ನ ಪಾಸ್‌ಪೋರ್ಟ್ ನವೆಂಬರ್ ಹದಿನೇಳು ಅಂತಿದೆ. ಮೂರು ತಿಂಗಳು ಈಚೆ ಬಿದ್ದೆ ನೋಡು."

"ಅದು ತಪ್ಪು ತಾರೀಕು. ಹೆರಿಂಗ್ ಮೀನು ದಡಕ್ಕೆ ಬರೋ ಕಾಲದಲ್ಲಿ ಹುಟ್ಟಿದ್ದು ಅಂತ ಅಮ್ಮ ಹೇಳ್ತಿದ್ಲು. ಅಂದ್ರೆ ವಸಂತ."

"ಮತ್ತೆ ಅರವತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ ಯಾಕೆ?"

"ಯಾರು ಕೇಳಿದ್ರು?"

ಅದೂ ನಿಜವೇ. ಚಿಕ್ಕಂದಿನಲ್ಲಿ ಅವಳಿಗೆ ವರ್ಷಕ್ಕೆರಡು ಹುಟ್ಟುಹಬ್ಬ. ಚಾಂದ್ರಮಾನದ ಮೂರನೆಯ ತಿಂಗಳು ಇಪ್ಪತ್ತೊಂದಕ್ಕೆ ಅಮ್ಮ ಕಡಲಪಾಚಿಯ ಸಾರು ಮಾಡಿ ಬಡಿಸುತ್ತಿದ್ದಳು. ನವೆಂಬರ್ ಹದಿನೇಳಕ್ಕೆ ಅಪ್ಪ ನಾಮ್ ಬಂದರಿನಿಂದ ಬರುವಾಗ ಪೆಪ್ಪರಮೆಂಟು ತರುತ್ತಿದ್ದ. ಒಂದು ಅಮ್ಮನ ಹಬ್ಬ, ಒಂದು ಅಪ್ಪನ ಹಬ್ಬ ಎಂದು ಅವಳು ತಿಳಿದಿದ್ದಳು. ಮಕ್ಕಳು ಸಿಹಿಯನ್ನು ಪ್ರಶ್ನೆ ಮಾಡುವುದಿಲ್ಲವಲ್ಲ.

"ನಮ್ಮ ಪಂಚಾಂಗದ ಹನ್ನೆರಡು ಪ್ರಾಣಿಗಳಲ್ಲಿ ಯಾವುದರ ವರ್ಷ ನಿನ್ನದು?" ಮೇಷ್ಟ್ರು ಕೇಳಿದರು.

"ಹುಂಜದ ವರ್ಷ."

"ಪ್ರಯೋಜನ ಇಲ್ಲ ಬಿಡು. ಆ ವರ್ಷದ ವಸಂತವೂ ಹುಂಜ, ನವೆಂಬರೂ ಹುಂಜ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಫಾರಂನಲ್ಲಿ ತಂದೆ ಹೆಸರು ಥಾಕ್ ಗ್ವಾಂಗ್ಹೊ ಅಂತ ಬರೆದಿದ್ದೀಯ. ನಿನ್ನಮ್ಮನ ಮೊದಲ ಗಂಡ ಆ ಥಾಕ್‌ನ ಜಪಾನಿನವರು ಇಲ್ಲಿಂದ ಸಾಗಿಸಿದ್ದು ಯಾವಾಗ ಅಂತ ನೆನಪಿದೆಯಾ?" ಎಂದರು.

"1944 ಆಗಸ್ಟ್ ಕೊನೇಲಿ. ಅಮ್ಮ ಸಾವಿರ ಸಲ ಹೇಳಿದ್ದಾಳೆ."

ಮೇಷ್ಟ್ರು ಕನ್ನಡಕ ಹಾಕಿಕೊಂಡು, ಫೈಲು ಕಂಕುಳಿಗೆ ಸೇರಿಸಿ ಹೊರಟುಹೋದರು. ಹಿಂದೆಯೇ ಬಂದ ರಷ್ಯನ್ ಹೆಂಗಸಿಗೆ ಬೊಂಗ್ಸನ್ ಜರೀಚಿಗುರು ತೂಗುತ್ತ, ಇನ್ನೊಂದು ಕೈಯ ಬೆರಳುಗಳನ್ನು ಮಡಚತೊಡಗಿದಳು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್... ವಸಂತದಲ್ಲಿ ಹುಟ್ಟಿದ್ದರೆ ಸರಿಹೋಗುತ್ತದೆ. ನವೆಂಬರಿನಲ್ಲಿ ಹುಟ್ಟಿದ್ದರೆ ಹದಿನೈದು ತಿಂಗಳಾಗುತ್ತದೆ. ಹದಿನೈದು ತಿಂಗಳು ಯಾವ ಮಗುವೂ ಹೊಟ್ಟೆಯಲ್ಲಿರುವುದಿಲ್ಲ. ಇಷ್ಟು ಸಣ್ಣ ಲೆಕ್ಕವನ್ನು ತಾನು ಜೀವಮಾನದಲ್ಲಿ ಒಮ್ಮೆಯೂ ಮಾಡಿರಲಿಲ್ಲವೆಂದು ಅವಳಿಗೆ ಆಗ ಹೊಳೆಯಿತು. "ರಾಯಾ, ಎಷ್ಟು ಹಾಕ್ತೀಯ, ನಾನು ಕೇಳಿದ್ದು ಇನ್ನೂರು ಗ್ರಾಂ," ಎಂದು ಗಿರಾಕಿ ಕೂಗಿದಾಗ ತಕ್ಕಡಿಯ ತಟ್ಟೆ ತುಂಬಿ ಚಿಗುರು ಮೇಜಿನ ಮೇಲೆ ಬೀಳುತ್ತಿತ್ತು.

ಅವಳ ತಾಯಿ ಪಿಲ್ನ್ಯೊ ಸಖಾಲಿನ್ ದ್ವೀಪಕ್ಕೆ ಬಂದದ್ದು 1942ರಲ್ಲಿ, ಕೊರಿಯಾದ ಹಾಪ್ಚೊನ್ ಸೀಮೆಯ ಒಂದು ಹಳ್ಳಿಯಿಂದ. ಆಗ ಕೊರಿಯಾವೂ ಜಪಾನಿನವರ ಕೈಯಲ್ಲಿತ್ತು, ಈ ದ್ವೀಪದ ದಕ್ಷಿಣದ ಅರ್ಧವೂ ಅವರ ಕೈಯಲ್ಲಿತ್ತು. ಗಂಡ ಥಾಕ್‌ನನ್ನು ಕಲ್ಲಿದ್ದಲ ಗಣಿಗೆಂದು ಮೊದಲೇ ಹಿಡಿದು ತಂದಿದ್ದರು. ಕರಾರು ಮುಗಿದರೂ ಬಿಡಲಿಲ್ಲ. ಬೇಕಾದರೆ ಹೆಂಡತಿಯನ್ನು ಕರೆಸಿಕೋ ಎಂದರು, ಅವನು ಕರೆಸಿಕೊಂಡ. ಎರಡು ವರ್ಷ ಸಂಸಾರ ನಡೆಯಿತು. ಯುದ್ಧ ಬಿಗಿಯಾಗಿ ಕಲ್ಲಿದ್ದಲು ಸಾಗಿಸಲು ಹಡಗು ಸಿಗದೆ ಹೋದಾಗ ಗಣಿ ಮುಚ್ಚಿ, ಗಂಡಸರನ್ನೆಲ್ಲ ಜಪಾನಿನ ದಕ್ಷಿಣದ ಗಣಿಗಳಿಗೆ ಒಯ್ದರು. ಹೆಂಗಸರು ವಸಂತದಲ್ಲಿ ಬರಬಹುದು ಎಂದು ಹೇಳಿ ಹೋದರು. ವಸಂತ ಬಂತು, ಹಡಗು ಬರಲಿಲ್ಲ. ಆಗಸ್ಟಿನಲ್ಲಿ ಯುದ್ಧ ಮುಗಿಯಿತು, ರಷ್ಯನ್ನರು ಬಂದರು, ಕಡಲಿಗೆ ಬೀಗ ಬಿತ್ತು. ಜಪಾನಿನವರನ್ನು ಅವರ ದೇಶ ಕರೆಸಿಕೊಂಡಿತು. ಕೊರಿಯನ್ನರನ್ನು ಕರೆಯುವವರು ಯಾರೂ ಇರಲಿಲ್ಲ.

ಗಣಿಯ ಸಾಲುಮನೆಗಳಲ್ಲಿ ಆಗ ಉಳಿದಿದ್ದ ಕೆಲವೇ ಗಂಡಸರಲ್ಲಿ ನಾಮ್ ಚಿಲ್ಸಂಗ್ ಒಬ್ಬ. ಬಂಡೆ ಉರುಳಿ ಕಾಲು ಕುಂಟಾಗಿದ್ದುದರಿಂದ ಅವನನ್ನು ಒಯ್ದಿರಲಿಲ್ಲ. ಪಿಲ್ನ್ಯೊಳ ಮನೆಗೆ ಸೌದೆ ಒಡೆದು ಹಾಕುತ್ತಿದ್ದ. ಆ ಆಗಸ್ಟಿನಲ್ಲಿ ರಷ್ಯನ್ನರ ದಾಳಿಗೆ ಬಂದರು ಹೊತ್ತಿ ಉರಿದಾಗ ಅವಳನ್ನು ಗುಡ್ಡ ಹತ್ತಿಸಿ ಉಳಿಸಿದವನು ಅವನೇ. ಆ ಚಳಿಗಾಲದ ಹೊತ್ತಿಗೆ ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಗುಡ್ಡ ಹತ್ತುವಾಗ ಮಗು ಪಿಲ್ನ್ಯೊಳ ಬೆನ್ನ ಮೇಲಿತ್ತೋ ಹೊಟ್ಟೆಯಲ್ಲಿತ್ತೋ, ಈಗ ಬೊಂಗ್ಸನ್‌ಳ ತಲೆ ತಿನ್ನತೊಡಗಿದ್ದು ಅದೊಂದೇ. ಮಗುವನ್ನು ರಷ್ಯನ್ ಕಚೇರಿಗೆ ಒಯ್ದು ತಾರೀಕು ಬರೆಸಿದ್ದು ನಾಮ್. ಹೆಸರಿನ ಹಿಂದೆ ತನ್ನ ಕುಲದ ಹೆಸರನ್ನೂ ಬರೆಸಿದ್ದ.

ಪಿಲ್ನ್ಯೊ ಮಾತ್ರ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಸೋವಿಯತ್ ಪೌರತ್ವ ತೆಗೆದುಕೊಂಡರೆ ಊರಿಗೆ ಹೋಗುವ ದಾರಿ ತಪ್ಪೀತೆಂದು ಜೀವನಪೂರ್ತಿ ಯಾವ ದೇಶಕ್ಕೂ ಸೇರದವಳಾಗಿ ಉಳಿದಳು. ಪಕ್ಕದ ಊರಿಗೆ ಹೋಗಬೇಕಾದರೂ ಪೊಲೀಸರ ಅಪ್ಪಣೆ ಬೇಕಿತ್ತು. ಮನೆಗೆ ಭಾರದ ಸಾಮಾನು ತರಲು ಬಿಡುತ್ತಿರಲಿಲ್ಲ. ಒಮ್ಮೆ ನಾಮ್ ಒಂದು ಮರದ ಬೀರು ಕೊಂಡು ತಂದಾಗ ಹನ್ನೊಂದು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು.

"ಇದನ್ನ ಹಡಗಿಗೆ ಯಾರು ಹೊರ್ತಾರೆ? ನಿನ್ನ ಕುಂಟು ಕಾಲಾ?"

"ಹಡಗು ಬರ್ಲಿ ಮಾರಾಯ್ತಿ. ಬಂದ ದಿನ ಒಡೆದು ಒಲೆಗೆ ಹಾಕೋಣ."

ತಾಯಿಯ ದೇಶವಿಲ್ಲದ ಕಾಗದವೇ ಮಗಳಿಗೂ ಅಂಟಿತು. ಕಡಲಾಚೆಯ ಖಬಾರೊವ್ಸ್ಕ್ ನಗರಕ್ಕೆ ಓದಲು ಹೋಗುವ ಆಸೆಯಿತ್ತು, ಅಪ್ಪಣೆ ಸಿಗಲಿಲ್ಲ. ಬೊಂಗ್ಸನ್ ಮೀನಿನ ಕಾರ್ಖಾನೆ ಸೇರಿದಳು, ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಕ್ವಾಕ್ ಎಂಬವನನ್ನು ಮದುವೆಯಾದಳು, ಒಬ್ಬಳು ಮಗಳನ್ನು ಹೆತ್ತಳು, ವಿಧವೆಯಾದಳು. ಪಿಲ್ನ್ಯೊ ತೀರಿಕೊಂಡ ಎರಡೇ ವರ್ಷಕ್ಕೆ ಕೊರಿಯಾಕ್ಕೆ ಮೊದಲ ವಿಮಾನ ಹಾರಿತು. ನಾಮ್ ಇನ್ನೆರಡು ವರ್ಷ ಬದುಕಿದ್ದ. ತಾರೀಕಿನ ಬಗ್ಗೆ ಅವನೂ ಬಾಯಿ ಬಿಡಲಿಲ್ಲ.

ಮಗಳು ಝನ್ನಾ ಆಸ್ಪತ್ರೆಯಲ್ಲಿ ನರ್ಸು. ಅಮ್ಮನ ಅರ್ಜಿಯ ವಿಷಯ ತಿಳಿದಾಗಿನಿಂದಲೂ ಅವಳಿಗೆ ಸಿಟ್ಟು. ಆವತ್ತು ಸಂಜೆ ಊಟದ ಮೇಜಿನಲ್ಲಿ ಅದು ಹೊರಗೆ ಬಂತು.

"ಆಗ ಗಂಡಸರನ್ನ ಹೊತ್ಕೊಂಡು ಹೋದ್ರು ಅಂತ ಅಜ್ಜಿ ಸಾಯೋವರೆಗೂ ಅತ್ಲು. ಈಗ ನೀನು ನೀನಾಗೇ ಸೂಟ್‌ಕೇಸ್ ತಗೊಂಡು ಹೊರಟಿದ್ದೀಯ. ನಿನ್ನ ಕರೀತಾರೆ, ನನ್ನ ಕರೆಯೋಲ್ಲ. ನಾನು ಯಾರನ್ನ ಬೈದು ಅಳ್ಲಿ, ಹೇಳು."

"ನಿನ್ನ ಬಿಟ್ಟು ಹೋಗ್ಬೇಕು ಅಂತೇನಿಲ್ಲ ಕಣೇ."

"ಮತ್ತೆ ಯಾಕೆ ಹೋಗ್ತೀಯ?"

ಬೊಂಗ್ಸನ್ ಕಾರಣಗಳನ್ನು ಮನಸ್ಸಿನಲ್ಲೇ ಹುಡುಕಿದಳು. ಅಮ್ಮ ಹೋಗಬೇಕೆಂದಿದ್ದಳು, ಅದಕ್ಕೆ. ನೆರೆಹೊರೆಯವರೆಲ್ಲ ಹೋಗುತ್ತಿದ್ದರು, ಅದಕ್ಕೂ ಇರಬಹುದು. ಹದಿನೇಳು ವರ್ಷದ ಮೊಮ್ಮಗಳು ಇಂಗಾ ಫೋನಿನಿಂದ ತಲೆ ಎತ್ತದೆ, "ಅಜ್ಜಿ ಹೋಗ್ಲಿ ಬಿಡಮ್ಮಾ. ರಜಕ್ಕೆ ನಾನು ಅಲ್ಲಿಗೆ ಹೋಗ್ಬಹುದು," ಎಂದಳು.

"ನೀನು ಬಾಯಿ ಮುಚ್ಚು. ಅಮ್ಮಾ, ಒಂದು ವಿಷಯ ಹೇಳು. ಫಾರಂನಲ್ಲಿ ಥಾಕ್ ಅಂತ ಬರೆದಿದ್ದೀಯಂತೆ. ಹಾಗಾದ್ರೆ ನಾಮ್ ಅಜ್ಜ ಯಾರು? ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯೋದು ನನಗೆ ಕಲಿಸಿದ್ದು ಆ ಥಾಕಾ?"

ಬೊಂಗ್ಸನ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಥಾಕ್ ಎಂಬವನ ಒಂದು ಫೋಟೋ ಕೂಡ ಅವಳು ನೋಡಿರಲಿಲ್ಲ. ಅಮ್ಮ ಅವನ ಬಗ್ಗೆ ಹೇಳುತ್ತಿದ್ದದ್ದು ಹೋದ ದಿನ ಒಂದನ್ನೇ. ಅವನು ಹೇಗೆ ನಗುತ್ತಿದ್ದ, ಏನು ತಿನ್ನುತ್ತಿದ್ದ, ಒಂದೂ ಗೊತ್ತಿರಲಿಲ್ಲ. ಇತ್ತ ನಾಮ್‌ನ ಕೆಮ್ಮು ಈಗಲೂ ಕಿವಿಯಲ್ಲಿತ್ತು. ಆದರೂ ಫಾರಂ ತುಂಬುವಾಗ ಕೈ ತಾನಾಗಿ ಥಾಕ್ ಎಂದು ಬರೆದಿತ್ತು, ಅಮ್ಮ ಪಕ್ಕದಲ್ಲಿ ನಿಂತು ಹೇಳಿ ಬರೆಸಿದ ಹಾಗೆ.

ಆ ಕಾಲದವರಲ್ಲಿ ಉಳಿದವಳು ಚೊನ್ ಅಜ್ಜಿ ಒಬ್ಬಳೇ. ಎಂಬತ್ತೇಳು ವರ್ಷ. ಪಿಲ್ನ್ಯೊಗೆ ಹೆರಿಗೆ ಮಾಡಿಸಿದವಳು. ಭಾನುವಾರ ಬೊಂಗ್ಸನ್ ಅನ್ನದ ಕಡುಬು ಕಟ್ಟಿಕೊಂಡು ಅವಳ ಮನೆಗೆ ಹೋದಳು.

"ಯಾರವ್ವಾ ನೀನು? ಪಿಲ್ನ್ಯೊ ಮಗ್ಳಾ? ಸತ್ತೋದ್ಲು ಅಂದಿದ್ರಲ್ಲ!"

"ಸತ್ತಿದ್ದು ಅಮ್ಮ, ಅಜ್ಜಿ. ನಾನಲ್ಲ."

"ಅಂಗನ್ನು. ನಿಮ್ಮವ್ವ ನನ್ನ ಜರಡಿ ಈಸ್ಕೊಂಡೋಗಿ ಕೊಡ್ನೇ ಇಲ್ಲ ಕಣೆ."

ಜರಡಿಯ ಕಥೆ ಮುಗಿಯುವಷ್ಟರಲ್ಲಿ ಟೀ ಆರಿತು. ಆಮೇಲೆ ಬೊಂಗ್ಸನ್ ನಿಧಾನವಾಗಿ ವಿಷಯಕ್ಕೆ ಬಂದಳು. ತಾನು ಹುಟ್ಟಿದ ದಿನ ಹೊರಗೆ ಹೇಗಿತ್ತು?

"ಇಮ ಬಿದ್ದಿತ್ತು."

ಬೊಂಗ್ಸನ್ ಟೀ ಲೋಟ ಕೆಳಗಿಟ್ಟಳು. "ಹಾಗಾದ್ರೆ ನವೆಂಬರಾ?"

"ಇಮ ಮೇ ತಿಂಗ್ಳಾಗೂ ಇರ್ತದೆ. ನಿಂಗೊತ್ತಿಲ್ವಾ? ಬಾಣಂತಿಗೆ ಎರಿಂಗ್ ಸಾರು ಕುಡಿಸ್ದೆ. ಪಾಚಿ ಸಿಕ್ನಿಲ್ಲ."

"ಹಸಿ ಹೆರಿಂಗಾ, ಉಪ್ಪು ಹಾಕಿ ಇಟ್ಟಿದ್ದಾ?"

"ಅದ್ಯಾರ್ ನೆಪ್ಪಿಟ್ಕತಾರೆ? ಸಾರು ಸಾರೇ. ಕುಡುದ್ಲು, ಮಲಿಕಂಡ್ಲು."

"ನಮ್ಮಪ್ಪ ಅಲ್ಲಿದ್ನಾ? ನಾಮ್?"

"ಬಾಗ್ಲಾಗೆ ನಿಂತಿದ್ದ. ಸೌದೆ ತಂದಿದ್ದ."

"ಸೌದೆ ತಂದಿದ್ದಷ್ಟೇನಾ ಅಜ್ಜಿ?"

ಮುದುಕಿ ಕಡುಬು ಅಗಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. ಮಂಜು ಕವಿದ ಆ ಕಣ್ಣುಗಳು ಒಂದು ಗಳಿಗೆ ಚುರುಕಾದವು. "ನೀ ಏನ್ ಕೇಳ್ತಾ ಇದ್ದೀಯ ಅಂತ ನಂಗೊತ್ತಾಯ್ತದೆ. ನಿಮ್ಮವ್ವ ಒಳ್ಳೇವ್ಳು. ನಾಮೂ ಒಳ್ಳೇವ್ನು. ಇನ್ನೇನೂ ಕೇಳ್ಬ್ಯಾಡ," ಎಂದಳು. ಇಬ್ಬರೂ ಒಳ್ಳೆಯವರೆಂಬುದು ಬೊಂಗ್ಸನ್‌ಗೂ ಗೊತ್ತಿತ್ತು. ಅದರಿಂದ ಲೆಕ್ಕ ಎತ್ತಲೂ ವಾಲಲಿಲ್ಲ.

ಹಾ ಮೇಷ್ಟ್ರು ಬಿಡಲಿಲ್ಲ. ಮೂರನೆಯ ತಿಂಗಳ ಇಪ್ಪತ್ತೊಂದನ್ನು ಪಂಚಾಂಗದಲ್ಲಿ ಹುಡುಕಿ, ಆ ವರ್ಷಕ್ಕೆ ಅದು ಮೇ ಎರಡು ಎಂದು ಲೆಕ್ಕ ಹಾಕಿದರು. ಹುಟ್ಟಿದ ತಾರೀಕು ತಿದ್ದಿಕೊಡಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಬರೆದರು. ಜುಲೈ ತಿಂಗಳಲ್ಲಿ ಕರೆ ಬಂತು. ನ್ಯಾಯಾಧೀಶೆ ಕತ್ತರಿಸಿದ ಕೂದಲಿನ, ನಡುವಯಸ್ಸಿನ ರಷ್ಯನ್ ಹೆಂಗಸು. ಚೊನ್ ಅಜ್ಜಿ ಮದುವೆಗೆ ಹೋಗುವ ಹಾಗೆ ರೇಷ್ಮೆಯ ಲಂಗ, ಕುಪ್ಪಸ ತೊಟ್ಟು ಬಂದಿದ್ದಳು. ಮೇಷ್ಟ್ರೇ ದುಭಾಷಿ.

"1945 ಆಗಸ್ಟ್ ಹದಿನೈದರಂದು ನೀವು ಎಲ್ಲಿದ್ದಿರಿ?" ನ್ಯಾಯಾಧೀಶೆ ಕೇಳಿದರು.

"ಗಣಿ ಅಂಗ್ಳದಾಗೆ. ಜಪಾನ್ ರಾಜ ರೇಡಿಯೋದಾಗೆ ಮಾತಾಡ್ತಾನೆ ಅಂತ ಎಲ್ರುನೂ ನಿಲ್ಸಿದ್ರು. ಬಿಸ್ಲು ಅಂದ್ರೆ ಬಿಸ್ಲು. ಏನಂದ್ನೋ ಯಾರ್ಗೂ ಕೇಳ್ನಿಲ್ಲ. ಪಿಲ್ನ್ಯೊ ಮಗು ಅರಚ್ತಾ ಇತ್ತಲ್ಲ! ಮೇಸ್ತ್ರಿ ಬಂದು, ಆ ಮಗೀನ ಆಚೆ ತಗಂಡೋಗು ಅಂತ ಗದರ್ದ."

ಮೇಷ್ಟ್ರು ಅದನ್ನು ತರ್ಜುಮೆ ಮಾಡಿದರು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಅಂದರೆ ಆ ದಿನ ಮಗು ಹುಟ್ಟಿತ್ತು. ಖಚಿತವೇ?"

"ಉಟ್ಟದೇ ಅರಚ್ತದಾ?" ಎಂದಳು ಚೊನ್ ಅಜ್ಜಿ. ಇದನ್ನು ತರ್ಜುಮೆ ಮಾಡುವ ಅಗತ್ಯ ಬೀಳಲಿಲ್ಲ, ದನಿಯೇ ಸಾಕಾಗಿತ್ತು.

ಮಧ್ಯಾಹ್ನ ತೀರ್ಪು ಓದಿದರು. ರಷ್ಯನ್ ಕಾಗದದ ಪ್ರಕಾರವೂ ಬೊಂಗ್ಸನ್ ಮೇ ಎರಡರಂದು ಹುಟ್ಟಿದವಳಾದಳು. ಹೊರಗೆ ಕಲ್ಲುಬೆಂಚಿನ ಮೇಲೆ ಮೂವರೂ ಕೂತು ಎಲೆಕೋಸಿನ ಬನ್ನು ತಿನ್ನುತ್ತಿದ್ದರು. ಮೇಷ್ಟ್ರು ಖುಷಿಯಲ್ಲಿದ್ದರು. ಚೊನ್ ಅಜ್ಜಿ ಅರ್ಧ ಬನ್ನು ತಿಂದು, ಇನ್ನರ್ಧವನ್ನು ಕೈಚೌಕದಲ್ಲಿ ಸುತ್ತುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು:

"ಅಲ್ಲಾ, ಅವತ್ತು ಅರಚ್ತಿದ್ದದ್ದು ಪಿಲ್ನ್ಯೊ ಮಗೀನಾ, ಮಿನ್ ಎಂಡ್ರು ಮಗೀನಾ?"

"ಮಿನ್ ಹೆಂಡ್ತಿ ಯಾರು?" ಬೊಂಗ್ಸನ್ ಕೇಳಿದಳು.

"ಪಕ್ಕದ ಮನೇಳು. ಅವ್ಳ್ದೂ ಎಣ್ಮಗೀನೇ. ಅದು ಆಮೇಕೆ ತೀರ್ಕತು, ಪಾಪ. ಅದ್ರ ಗಂಟ್ಲು ದೊಡ್ದು."

ಹಾ ಮೇಷ್ಟ್ರು ಬಾಯಲ್ಲಿದ್ದ ತುತ್ತನ್ನು ನುಂಗಲಾರದೆ ಒದ್ದಾಡಿದರು. "ಅಜ್ಜೀ, ಇದನ್ನ ಇಲ್ಲಿಗೇ ಬಿಡು. ಮೊಹರು ಬಿದ್ದಾಯ್ತು," ಎಂದರು.

"ಬಿದ್ರೆ ಬಿದ್ದದೆ. ನಾ ಬ್ಯಾಡ ಅಂದ್ನಾ?"

ಬೊಂಗ್ಸನ್ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಮೊಹರಿನ ಶಾಯಿ ಇನ್ನೂ ಹಸಿಯಾಗಿತ್ತು. ಆ ಕಾಗದ ನಿಜವೋ ಸುಳ್ಳೋ ಅವಳಿಗೆ ತಿಳಿಯಲಿಲ್ಲ. ವಾಪಸ್ ಒಳಗೆ ಹೋಗಿ ಹೇಳಬೇಕೇ? ಏನೆಂದು ಹೇಳುವುದು? ತನಗೆ ಗೊತ್ತಿಲ್ಲವೆಂಬುದನ್ನು ಯಾವ ನ್ಯಾಯಾಧೀಶೆ ಬರೆದುಕೊಳ್ಳುತ್ತಾರೆ? ಅವಳು ಮೂರು ದಿನ ಮಾರುಕಟ್ಟೆಗೆ ಹೋಗಲಿಲ್ಲ. ನಾಲ್ಕನೆಯ ದಿನ ಗುಡ್ಡದ ಮೇಲಿನ ಗೋರಿಗಳ ಹತ್ತಿರ ಹೋಗಿ, ನಾಮ್‌ನ ಗೋರಿಯ ಮೇಲೆ ಬೆಳೆದ ಹುಲ್ಲು ಕೊಯ್ದಳು. ಅವನಿಗೆ ಪ್ರಿಯವಾದ ಒಣಮೀನು, ಒಂದು ಲೋಟ ವೋಡ್ಕಾ ಇಟ್ಟಳು. "ಅಪ್ಪಾ, ನವೆಂಬರ್ ಅಂತ ಯಾಕೆ ಬರೆಸ್ದೆ?" ಎಂದು ಗಟ್ಟಿಯಾಗಿಯೇ ಕೇಳಿದಳು. ಕೆಳಗೆ ಬಂದರಿನಲ್ಲಿ ರೈಲಿನ ಡಬ್ಬಿಗಳನ್ನು ಹಡಗಿಗೆ ಏರಿಸುತ್ತಿದ್ದರು. ಅವನು ತನ್ನನ್ನು ಹೆತ್ತವನಾಗಿದ್ದರೆ ತಾನೀಗ ಅವನನ್ನು ಕಾಗದದಿಂದ ಅಳಿಸಿಹಾಕಿದ್ದಳು. ಹೆತ್ತವನಲ್ಲದಿದ್ದರೆ, ಬೇರೊಬ್ಬನ ಕೂಸನ್ನು ನಲವತ್ತಾರು ವರ್ಷ ಮಗಳೇ ಎಂದು ಕರೆದವನನ್ನು ಅಳಿಸಿಹಾಕಿದ್ದಳು. ಯಾವುದು ಹೆಚ್ಚಿನ ತಪ್ಪೆಂದು ತೂಗಿ ನೋಡಿದಳು, ತಿಳಿಯಲಿಲ್ಲ. ಪಕ್ಕದಲ್ಲೇ ಅಮ್ಮನ ಗೋರಿ. ಅದನ್ನು ಏನೂ ಕೇಳಲಿಲ್ಲ. ಅಮ್ಮನಿಗೆ ಉತ್ತರ ಗೊತ್ತಿತ್ತು, ಅದಕ್ಕೇ ಕೇಳಲು ಹೆದರಿಕೆ.

ಅರ್ಜಿ ಮತ್ತೆ ಹೋಯಿತು, ಈ ಸಲ ಒಪ್ಪಿಗೆಯಾಯಿತು. ಮುಂದಿನ ವರ್ಷ ನವೆಂಬರಿನಲ್ಲಿ ಅವಳು ಕೊರಿಯಾಕ್ಕೆ ಹೊರಟಳು. ವಿಮಾನ ನಿಲ್ದಾಣದಲ್ಲಿ ಮುದುಕರೆಲ್ಲ ಒಂದು ಕಡೆ, ಮಕ್ಕಳು ಮೊಮ್ಮಕ್ಕಳೆಲ್ಲ ಕಂಬಿಯ ಇನ್ನೊಂದು ಕಡೆ. ಝನ್ನಾ ಅಳಲಿಲ್ಲ. ಅಮ್ಮನ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿ, "ಅಲ್ಲಿ ಇಷ್ಟು ಚಳಿ ಇರೋಲ್ಲ. ಇಳಿದ ತಕ್ಷಣ ಬಿಚ್ಚು," ಎಂದಳು.

ಆನ್ಸಾನ್ ಊರಿನಲ್ಲಿ ಸಖಾಲಿನ್‌ನವರಿಗೆಂದೇ ಕಟ್ಟಿದ ಮನೆಗಳಿದ್ದವು. ಒಂದು ಮನೆಗೆ ಇಬ್ಬರು. ಗಂಡನಿಲ್ಲದ ಹೆಂಗಸರನ್ನು ಜೋಡಿ ಮಾಡಿ ಹಾಕುತ್ತಿದ್ದರು. ಬೊಂಗ್ಸನ್‌ಗೆ ಜೋಡಿಯಾದವಳು ಯೋಮ್ ಅಕ್ಕ, ಎಪ್ಪತ್ತೆರಡು ವರ್ಷದ, ಕಲ್ಲಿದ್ದಲ ಊರಿನಿಂದ ಬಂದ ಗಟ್ಟಿ ಬಾಯಿಯ ಹೆಂಗಸು. ಮೊದಲ ದಿನವೇ ಹೇಳಿದಳು: "ನಾನು ಗೊರಕೆ ಹೊಡೀತೀನಿ. ನನ್ನ ಗಂಡ ಮೂವತ್ತು ವರ್ಷ ಸಹಿಸ್ಕೊಂಡ, ನೀನೂ ಸಹಿಸ್ಕೋ."

ಊರಿಗೆ ಬಂದೆವೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಬೊಂಗ್ಸನ್ ಅಂಗಡಿಗೆ ಹೋಗಿ ಬಾಯಿ ತೆರೆದರೆ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವಳಾಡುತ್ತಿದ್ದದ್ದು ಅಮ್ಮನ ಕಾಲದ ಹಾಪ್ಚೊನ್ ಮಾತು, ಮಧ್ಯೆ ಮಧ್ಯೆ ರಷ್ಯನ್ ಶಬ್ದ. "ಅಜ್ಜೀ, ನೀವು ಚೀನಾದವರಾ?" ಎಂದು ಒಬ್ಬಳು ಕೇಳಿದಳು. ಖೋಲ್ಮ್ಸ್ಕ್‌ನಲ್ಲಿ ಕೊರಿಯನ್ನಳಾಗಿದ್ದವಳು ಇಲ್ಲಿ ರಷ್ಯದವಳಾದಳು. ಯೋಮ್ ಅಕ್ಕನಿಗೆ ಇದರಿಂದ ಏನೂ ಅನ್ನಿಸುತ್ತಿರಲಿಲ್ಲ. ಬೊಂಗ್ಸನ್ ಮಾತ್ರ ಮನೆಗೆ ಬಂದು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು.

ಮಾರ್ಚಿನಲ್ಲಿ ಒಬ್ಬ ಗಂಡಸು ಫೋನ್ ಮಾಡಿದ. ಥಾಕ್ ಗಿಯೊಲ್ ಎಂದು ಹೆಸರು, ಐವತ್ತೊಂಬತ್ತು ವರ್ಷ. ಅವಳು ಫಾರಂನಲ್ಲಿ ಬರೆದ ತಂದೆಯ ಹೆಸರು, ಹಳ್ಳಿಯ ಹೆಸರು ನೋಡಿ ಯಾರೋ ಅವನಿಗೆ ತಿಳಿಸಿದ್ದರು. ಥಾಕ್ ಗ್ವಾಂಗ್ಹೊ ಜಪಾನಿನ ಗಣಿಯಿಂದ ಜೀವಂತವಾಗಿ ಊರಿಗೆ ಬಂದಿದ್ದನಂತೆ. ಎರಡು ವರ್ಷ ಕಾದು ಬೇರೆ ಮದುವೆಯಾಗಿದ್ದ. ಈ ಗಿಯೊಲ್ ಅವನ ಮಗ.

"ದ್ವೀಪದಲ್ಲಿ ಹೆಂಡ್ತಿ ಇದ್ಲು ಅಂತ ಅಪ್ಪ ಹೇಳಿದ್ರು. ಮಗು ಇತ್ತು ಅಂತ ಹೇಳ್ಲಿಲ್ಲ," ಎಂದ.

"ಅವರಿಗೆ ಗೊತ್ತಿರೋಕೆ ಸಾಧ್ಯ ಇಲ್ಲ. ಅಮ್ಮನಿಗೇ ಆಗಿನ್ನೂ ಗೊತ್ತಿರ್ಲಿಲ್ಲ," ಎಂದಳು ಬೊಂಗ್ಸನ್. ಹೇಳಿದ ಮೇಲೆ, ಇದು ನಿಜವಾದ ಪಕ್ಷದಲ್ಲಿ, ಎಂದು ಮನಸ್ಸಿನಲ್ಲೇ ಸೇರಿಸಿಕೊಂಡಳು.

ಏಪ್ರಿಲಿನಲ್ಲಿ ಅವನೂ ಅವನ ಹೆಂಡತಿಯೂ ಕಾರು ತಂದು ಅವಳನ್ನು ಹಾಪ್ಚೊನ್‌ಗೆ ಕರೆದೊಯ್ದರು. ದಾರಿಯಲ್ಲಿ ಥಾಕ್‌ನ ಫೋಟೋ ತೋರಿಸಿದರು. ಟೋಪಿ ಹಾಕಿದ, ಬಿಗಿದ ತುಟಿಯ ಮುದುಕ. "ಕಿವಿ ನೋಡಕ್ಕಾ, ನಿನ್ನದೇ ಕಿವಿ," ಎಂದ ಗಿಯೊಲ್. ಅವನ ಹೆಂಡತಿ ಹಿಂದಿನ ಸೀಟಿನಿಂದ ಬಗ್ಗಿ, "ಎಲ್ಲಿ? ಒಂದು ಚೂರೂ ಇಲ್ಲ," ಎಂದಳು. ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಪಿಲ್ನ್ಯೊಳ ತವರುಮನೆ ಎಲ್ಲಿತ್ತೆಂದು ತೋರಿಸಲು ಗಿಯೊಲ್ ದಂಡೆಯಲ್ಲಿ ನಿಂತು ಕೈ ಚಾಚಿದ. ಅಲ್ಲಿ ಗಾಳ ಹಾಕಿ ಕೂತಿದ್ದ ಮುದುಕ, "ಅಲ್ಲಲ್ಲ, ಅದು ಯೂ ಮನೆತನದವರ ಗದ್ದೆ. ನೀವು ಹೇಳೋ ಮನೆ ಇನ್ನೂ ಎಡಕ್ಕೆ," ಎಂದ. ಇಬ್ಬರೂ ವಾದಕ್ಕೆ ನಿಂತರು. ಬೊಂಗ್ಸನ್ ಮೊದಲು ಬಲಕ್ಕೆ ಮುಖ ಮಾಡಿ ನೆಲಮುಟ್ಟಿ ನಮಸ್ಕಾರ ಮಾಡಿದಳು, ಆಮೇಲೆ ಎಡಕ್ಕೆ. ನೀರು ಎರಡು ಕಡೆಯೂ ಒಂದೇ ಬಣ್ಣದ್ದಾಗಿತ್ತು.

ವಾಪಸ್ ಬರುವಾಗ ಗಿಯೊಲ್ ಸಂಕೋಚದಿಂದ ವಿಷಯ ತೆಗೆದ. ಥಾಕ್ ಕುಲದವರ ವಂಶಾವಳಿ ಪುಸ್ತಕ ಹೊಸದಾಗಿ ಅಚ್ಚಾಗುತ್ತಿದೆ. ಅಕ್ಕನ ಹೆಸರು ಸೇರಿಸಬೇಕೆಂದು ಅವನ ಆಸೆ. ಆದರೆ ಹಿರಿಯರು...

"ಡಿಎನ್‌ಎ ಪರೀಕ್ಷೆ ಮಾಡಿಸ್ಬೇಕಾ?" ಬೊಂಗ್ಸನ್ ಕೇಳಿದಳು.

"ಬಾಯೊಳಗೆ ಹತ್ತಿ ಆಡಿಸ್ತಾರೆ ಅಷ್ಟೇ. ನೋವಾಗೋಲ್ಲ. ಬೇಡ ಅಂದ್ರೆ ಬೇಡ ಅಕ್ಕಾ."

"ಮಾಡಿಸೋಣ," ಎಂದಳು. ಅಷ್ಟು ಬೇಗ ಹೇಳಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಫಲಿತಾಂಶಕ್ಕೆ ಮೂರು ವಾರ. ಆ ಮೂರು ವಾರ ಅವಳು ಬಟ್ಟೆಗಳನ್ನು ಬೀರುವಿನಿಂದ ತೆಗೆದು ಸೂಟ್‌ಕೇಸಿಗೆ ತುಂಬುವುದು, ಮತ್ತೆ ತೆಗೆದು ಬೀರುವಿಗೆ ಇಡುವುದು ಮಾಡಿದಳು. ಯೋಮ್ ಅಕ್ಕ ನೋಡಿ ನೋಡಿ ಬೇಸತ್ತಳು.

"ಏನೇ ನಿನ್ನ ಗೋಳು? ಥಾಕ್ ಮಗಳಲ್ಲ ಅಂತ ಬಂದ್ರೆ ಏನ್ ಮಾಡ್ತೀಯ?"

"ಕಚೇರಿಗೆ ಹೋಗಿ ಹೇಳ್ತೀನಿ. ಮನೆ ಬಿಟ್ಟುಕೊಟ್ಟು ಖೋಲ್ಮ್ಸ್ಕ್‌ಗೆ ಹೋಗ್ತೀನಿ."

"ಹೌದು ಅಂತ ಬಂದ್ರೆ?"

ಬೊಂಗ್ಸನ್ ಸ್ವೆಟರನ್ನು ಮಡಚಿ ಮತ್ತೆ ಬಿಚ್ಚಿದಳು. ತಾನು ಯಾವ ಉತ್ತರಕ್ಕಾಗಿ ಕಾಯುತ್ತಿದ್ದೇನೆಂದು ಅವಳಿಗೆ ಆಗ ಮಸುಕಾಗಿ ಕಂಡಿತು. ಕಂಡದ್ದು ಸರಿಯೆಂದು ಒಪ್ಪಿಕೊಳ್ಳಲು ಧೈರ್ಯ ಬರಲಿಲ್ಲ.

ಗಿಯೊಲ್ ಬೆಳಗಿನ ತಿಂಡಿಯ ಹೊತ್ತಿಗೆ ಫೋನ್ ಮಾಡಿದ. ದನಿಯಲ್ಲೇ ಗೊತ್ತಾಯಿತು. "ಅಕ್ಕಾ! ನೀನು ನಮ್ಮವಳೇ! ನೂರಕ್ಕೆ ತೊಂಬತ್ತೊಂಬತ್ತು ಪಾಲು ಅಂತ ಬರೆದಿದ್ದಾರೆ. ಅಪ್ಪನ ಮಗಳೇ ನೀನು!"

"ಹೌದಾ," ಎಂದಳು ಬೊಂಗ್ಸನ್. "ಒಳ್ಳೇದಾಯ್ತು. ತುಂಬ ಒಳ್ಳೇದಾಯ್ತಪ್ಪ." ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅಮ್ಮ ಸುಳ್ಳು ಹೇಳಿರಲಿಲ್ಲ. ನ್ಯಾಯಾಲಯದ ಕಾಗದ ನಿಜವಾಗಿತ್ತು. ಈ ಮನೆಯಲ್ಲಿರಲು ತನಗೆ ಹಕ್ಕಿತ್ತು. ಬೇಡಿದ್ದೆಲ್ಲ ಸಿಕ್ಕಿತ್ತು. ಆದರೂ ಯಾರೋ ಈಗಷ್ಟೇ ತೀರಿಕೊಂಡ ಸುದ್ದಿ ಬಂದ ಹಾಗೆ ಅಳು ಉಕ್ಕಿ ಬಂತು, ತಡೆಯಲಾಗಲಿಲ್ಲ.

ಯೋಮ್ ಅಕ್ಕ ಗಂಜಿಯ ಬಟ್ಟಲು ಹಿಡಿದು ಬಂದು ಮೇಲಿಂದ ನೋಡಿದಳು. "ಒಳ್ಳೇ ಸುದ್ದಿಗೆ ಯಾರಾದ್ರೂ ಹೀಗೆ ಅಳ್ತಾರಾ?"

"ಗೊತ್ತಿಲ್ಲ ಅಕ್ಕಾ. ನಾಮ್ ಅಪ್ಪ ಸತ್ತಾಗ ನಾನು ಇಷ್ಟು ಅತ್ತಿರ್ಲಿಲ್ಲ."

ಯೋಮ್ ಅಕ್ಕ ಬಟ್ಟಲನ್ನು ಕೆಳಗಿಟ್ಟು, ಮಂಡಿ ಹಿಡಿದುಕೊಂಡು, ನರಳುತ್ತ ಪಕ್ಕದಲ್ಲಿ ಕೂತಳು. ಗಂಜಿ ಆರುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.

ಸಂಜೆ ಝನ್ನಾಗೆ ಫೋನ್ ಮಾಡಿ ಹೇಳಿದಳು. ಝನ್ನಾ ಮೊದಲು ಕೇಳಿದ್ದು ತಾರೀಕನ್ನು.

"ನವೆಂಬರ್ ಹದಿನೇಳು ಅಂತ ಅಜ್ಜ ಯಾಕೆ ಬರೆಸಿರ್ಬಹುದು ಹಾಗಾದ್ರೆ?"

"ಅಜ್ಜಿ ಜೊತೆ ಅವನು ಸಂಸಾರ ಶುರು ಮಾಡಿದ ದಿನ ಇರ್ಬಹುದು. ಇಲ್ಲಾ, ಕಚೇರಿಯವನು ಕೇಳಿದಾಗ ಬಾಯಿಗೆ ಬಂದದ್ದು ಹೇಳಿರ್ಬಹುದು. ರಷ್ಯನ್ ಎಲ್ಲಿ ಬರ್ತಿತ್ತು ಅವನಿಗೆ ಆಗ? ಯಾವುದು ಅಂತ ಹೇಗೆ ಹೇಳ್ಲಿ?"

"ನೀನು ಹೇಗಿದ್ದೀಯ?"

"ಹೇಗಿದ್ದೀನೋ ತಿಳೀತಿಲ್ಲ ಕಣೆ."

ವಂಶಾವಳಿ ಅಚ್ಚಿಗೆ ಹೋಗುವ ಮುಂಚೆ ಗಿಯೊಲ್ ಕರಡು ಹಾಳೆ ತಂದ. ಅದರಲ್ಲಿ ಥಾಕ್ ಬೊಂಗ್ಸನ್ ಎಂದಿತ್ತು. ಅವಳು ಅದನ್ನು ಎರಡು ಸಲ ಓದಿ, ಬೆರಳಿಟ್ಟು ತೋರಿಸಿ, "ಇಲ್ಲಿ ನಾಮ್ ಅಂತ ಮಾಡು," ಎಂದಳು.

"ಅದು ಹೇಗಾಗುತ್ತೆ ಅಕ್ಕಾ? ಥಾಕ್ ಮಗಳು ನಾಮ್ ಹೇಗೆ ಆಗ್ತಾಳೆ?"

"ಆಗಿದ್ದೀನಲ್ಲ."

"ಹಿರಿಯರು ಒಪ್ಪೋಲ್ಲ. ಪುಸ್ತಕ ಥಾಕ್‌ರದ್ದು."

"ಹಾಗಾದ್ರೆ ಬಿಟ್ಟುಬಿಡು. ನನಗೇನೂ ಬೇಜಾರಿಲ್ಲ. ನೀನು ಅಕ್ಕ ಅಂತ ಕರೀತೀಯ, ಅಷ್ಟು ಸಾಕು."

ಗಿಯೊಲ್‌ನ ಮುಖ ಕೆಂಪಾಯಿತು. ಪರೀಕ್ಷೆ ಮಾಡಿಸಿ, ಹಿರಿಯರ ಕಾಲು ಹಿಡಿದು ಒಪ್ಪಿಸಿ ಬಂದವನು ಅವನು. ಎರಡು ತಿಂಗಳು ಫೋನ್ ಮಾಡಲಿಲ್ಲ. ಬೊಂಗ್ಸನ್ ತಾನು ಮಾಡಿದ್ದು ಸರಿಯೇ ಎಂದು ಯೋಮ್ ಅಕ್ಕನನ್ನು ದಿನಕ್ಕೊಮ್ಮೆ ಕೇಳಿದಳು. ಯೋಮ್ ಅಕ್ಕ ಒಂದು ದಿನ ಸರಿ ಎಂದಳು, ಇನ್ನೊಂದು ದಿನ ತಲೆ ಕೆಟ್ಟಿದೆ ನಿನಗೆ ಎಂದಳು. ಶರತ್ಕಾಲದಲ್ಲಿ ಥಾಕ್‌ನ ತಿಥಿ ಬಂದಾಗ ಗಿಯೊಲ್‌ನ ಹೆಂಡತಿಯೇ ಕರೆ ಮಾಡಿದಳು. "ಅತ್ತಿಗೇ, ದೋಸೆ ಹುಯ್ಯೋಕೆ ನನಗೊಬ್ಬಳಿಗೆ ಆಗೋಲ್ಲ. ಬೆಳಗ್ಗೇನೇ ಬನ್ನಿ," ಎಂದಳು.

ಬೊಂಗ್ಸನ್ ಹೋದಳು. ಹೆಸರುಬೇಳೆ ರುಬ್ಬಿ ದೋಸೆ ಹುಯ್ದಳು, ಒಣ ಜರೀಚಿಗುರು ನೆನೆಸಿ ಬಾಡಿಸಿದಳು. ಎಡೆ ಇಟ್ಟಾದ ಮೇಲೆ ಗಂಡಸರು ನಮಸ್ಕಾರ ಮಾಡಿ ಹಿಂದೆ ಸರಿದರು. ಗಿಯೊಲ್ ತಿರುಗಿ ನೋಡದೆ, "ಅಕ್ಕಾ, ನೀನೂ ಬಾ," ಎಂದ. ಟೋಪಿ ಹಾಕಿದ ಮುದುಕನ ಫೋಟೋ ಮುಂದೆ ಅವಳು ಮಂಡಿಯೂರಿದಳು. ಏನೆಂದು ಕರೆಯುವುದು? ಅಪ್ಪ ಎನ್ನಲು ಬಾಯಿ ಏಳಲಿಲ್ಲ. "ನಾನು ಪಿಲ್ನ್ಯೊ ಮಗಳು," ಎಂದು ಮೆಲ್ಲಗೆ ಹೇಳಿ, ಹಣೆ ನೆಲಕ್ಕೆ ಮುಟ್ಟಿಸಿ, ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಒಳಗಿನಿಂದ ಗಿಯೊಲ್‌ನ ಹೆಂಡತಿ, ಸಾರು ಬಿಸಿ ಮಾಡಲೇ ಎಂದು ಕೂಗಿ ಕೇಳುತ್ತಿದ್ದಳು.